ದಮ್ಮು ಇದ್ದವರಿಗೂ ದಾರಿ ಬಿಡಿ

ಬೆಳಗಿನ ಒಂಬತ್ತು ಗಂಟೆ. ದಾವಣಗೆರೆಯ ಪೇಟೆಬೀದಿಯಲ್ಲಿ ಅಂಗಡಿಗಳ ಬಾಗಿಲು ತೆರೆಯುವ ಹೊತ್ತು. ಮುಂದಿನ ಕಸ ಗುಡಿಸಿ, ರಟ್ಟು, ಪ್ಲಾಸ್ಟಿಕ್ಕು ಒಟ್ಟುಮಾಡಿ ಬೀದಿ ಅಂಚಿನಲ್ಲೇ ಕಡ್ಡಿ ಗೀರಿದರೆ ಕೆಲವರಿಗೆ ಅದೇ ಬೋಣಿ! ಆ ಹೊಗೆಯ ಪಕ್ಕದಲ್ಲಿ ಕರೆಂಟು ಕಂಬ ಹಿಡಿದು ಯಜಮಾನರೊಬ್ಬರು ನಿಂತಿರುತ್ತಾರೆ. ಏದುಸಿರು, ಮಾತೂ ಹೊರಡುತ್ತಿಲ್ಲ. "ಯಾಕ್ರೀ ಯಜಮಾನ್ರ, ಆಗದಿದ್ರೆ ಮನೇಲಿ ಕೂತಿರಬಾರ್ದಾ?" ಎಂದು ದಾರಿಹೋಕರ ಉಪದೇಶ ಬೇರೆ.

ಮನೆಯಲ್ಲಿ ಕೂತದ್ದೇ ಇಂಥವರಿಗೆ ಮುಳುವಾಗುತ್ತಿದೆ ಎಂಬುದು ಉಪದೇಶ ಮಾಡುವವರಿಗೆ ಗೊತ್ತಿಲ್ಲ.

ಊರಿನಲ್ಲಿ ಪುಪ್ಪುಸ ಕೆಡಲು ಕಾರಣಗಳಿಗೇನೂ ಬರವಿರಲಿಲ್ಲ. ಮಂಡಕ್ಕಿ ಭಟ್ಟಿಗಳಲ್ಲಿ ಹೊಟ್ಟಿನ ಜೊತೆ ಹಳೇ ಟೈರನ್ನೂ ಉರಿಸಿದ್ದುಂಟು. ಹತ್ತಿ ಗಿರಣಿಯ ಧೂಳು, ಬೀಡಿ, ಸಿಗರೇಟು ಇದ್ದೇ ಇದ್ದವು. ಜನ್ಮದಲ್ಲಿ ಬೀಡಿ ಮುಟ್ಟದ ಹೆಂಗಸರಿಗೂ ಸೌದೆ ಒಲೆ ಊದಿ ಊದಿ ದಮ್ಮು ಹತ್ತಿದೆ. ಡಾಕ್ಟರು ಅದಕ್ಕೆ ಸಿ.ಓ.ಪಿ.ಡಿ. ಅನ್ನುತ್ತಾರೆ. ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ.

"ಅಪ್ಪಾಜಿ, ನೀವು ಏಳಬ್ಯಾಡ್ರಿ, ಎಲ್ಲಾ ಇಲ್ಲಿಗೇ ತಂದುಕೊಡ್ತೀವಿ" ಅನ್ನುವ ಮಕ್ಕಳ ಪ್ರೀತಿ ದೊಡ್ಡದೇ. ಆದರೆ ಕೂತಲ್ಲೇ ಕೂತರೆ ಕಾಲಿನ ಮಾಂಸಖಂಡ ಸೊರಗುತ್ತದೆ. ಸೊರಗಿದ ಕಾಲು ನಾಲ್ಕು ಹೆಜ್ಜೆಗೇ ಹೆಚ್ಚು ಉಸಿರು ಬೇಡುತ್ತದೆ. ತೇಕು ಬಂತೆಂದು ಮತ್ತೆ ಕೂರುವುದು, ಕೂತು ಇನ್ನಷ್ಟು ಸೊರಗುವುದು! ಅದಕ್ಕೇ ಡಾಕ್ಟರು ಔಷಧದ ಜೊತೆಗೆ ನಡಿಗೆಯನ್ನೂ ಹೇಳುವುದು. ನಡೆದರೆ ಪುಪ್ಪುಸ ಹೊಸದಾಗದು, ಇರುವ ಉಸಿರಿನಲ್ಲೇ ಹೆಚ್ಚು ದೂರ ಹೋಗಬಹುದು, ಅಷ್ಟೆ. ಆ ಅಷ್ಟೇ ಎಷ್ಟೋ ಮಂದಿಗೆ ಮನೆಯಿಂದ ಮಾರ್ಕೆಟ್ಟಿನವರೆಗಿನ ಸ್ವಾತಂತ್ರ್ಯ.

ಹಾಗೆಂದು ಪೈಪೋಟಿಗೆ ಬಿದ್ದು ಓಡುವುದಲ್ಲ. ಮೊದಲು ಡಾಕ್ಟರನ್ನು ಕೇಳಬೇಕು. ಅವರು ಹೇಳಿದ್ದರೆ ಪಂಪು ಎಳೆದುಕೊಂಡೇ ಹೊರಡಬೇಕು. ನಡೆಯುತ್ತ ಎರಡು ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ. ಮೂಗಿನಿಂದ ಎಳೆದ ಉಸಿರನ್ನು ತುಟಿ ಚೂಪು ಮಾಡಿ, ಬಿಸಿ ಚಹಾ ಆರಿಸುವಂತೆ, ನಿಧಾನ ಬಿಡಬೇಕು. ಎದೆ ನೋವು, ತಲೆಸುತ್ತು ಕಂಡರೆ ಅಲ್ಲೇ ನಿಲ್ಲಬೇಕು. ಜ್ವರ ಬಂದ, ಕಫದ ಬಣ್ಣ ತಿರುಗಿದ ದಿನ ನಡಿಗೆಗೆ ರಜೆ, ಆಸ್ಪತ್ರೆಗೆ ದಾರಿ. ಚಳಿಗಾಲದಲ್ಲಿ ಹೊಗೆ ಮಂಜಿನೊಳಗೆ ಕೆಳಗೇ ಕೂತಿರುತ್ತದೆ, ಬಿಸಿಲು ಏರಿದ ಮೇಲೆ ಹೊರಟರೆ ಜಾಣತನ.

ತೂಕದ ವಿಚಾರವೂ ಇದೆ. ಹೊಟ್ಟೆ ದಪ್ಪಗಾದರೆ ಅದು ಮೇಲಕ್ಕೊತ್ತಿ ಉಸಿರಿಗೆ ಜಾಗ ಕೊಡುವುದಿಲ್ಲ. ನಾಲ್ಕು ಬೆಣ್ಣೆದೋಸೆ ಹೊಡೆದು ಮೆಟ್ಟಿಲು ಹತ್ತಿದವರನ್ನು ಕೇಳಿ! ಆದರೆ "ಪರವಾಗಿಲ್ಲ, ಸಣ್ಣಗಾದ್ರಿ" ಎಂದು ದಮ್ಮಿನವರನ್ನು ಹೊಗಳುವುದು ಇನ್ನೂ ಅಪಾಯ. ಉಸಿರಾಡುವುದಕ್ಕೇ ಅವರ ಮೈ ಹೆಚ್ಚು ಆಹಾರ ಸುಡುತ್ತದೆ. ತಾನಾಗಿ ತೂಕ ಇಳಿದರೆ ಖುಷಿ ಪಡುವ ಮಾತಲ್ಲ, ಡಾಕ್ಟರಿಗೆ ತೋರಿಸುವ ಮಾತು. ದಪ್ಪಗಿರುವವರೂ ಉಪವಾಸ ಬಿದ್ದು ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಬೇಳೆ, ಕಾಳು, ಹಾಲು, ತಿನ್ನುವವರಿಗೆ ಮೊಟ್ಟೆ, ಇವನ್ನು ಬಿಡದೆ, ಒಂದೇ ಸಲ ಹೊಟ್ಟೆ ಬಿರಿಯ ಉಣ್ಣದೆ ಸ್ವಲ್ಪ ಸ್ವಲ್ಪವಾಗಿ ಉಣ್ಣುವುದು ಮೇಲು.

ಇಷ್ಟನ್ನು ರೋಗಿ ಮಾಡಿಯಾನು. ಊರು ಏನು ಮಾಡುತ್ತದೆ? ಆಸ್ಪತ್ರೆಗಳಲ್ಲಿ 6 ನಿಮಿಷದ ನಡಿಗೆ ಪರೀಕ್ಷೆ ಎಂದಿದೆ. 30 ಮೀಟರಿನ ನೇರ ದಾರಿಯಲ್ಲಿ ಹೋಗಿ ಬಂದು ಮಾಡಬೇಕು. ಅಲ್ಲಿ ದಣಿದರೆ ಕೂರಲು ಕುರ್ಚಿ ಇಟ್ಟಿರುತ್ತಾರೆ. 30 ಮೀಟರಿಗೇ ಕುರ್ಚಿ ಬೇಕಾದರೆ ಅಶೋಕ ರಸ್ತೆಯ ಉದ್ದಕ್ಕೆ ಎಷ್ಟು ಬೇಕು? ಫುಟ್‌ಪಾತ್ ಮೇಲೆ ಚೀಲ, ಡಬ್ಬ, ಸ್ಕೂಟರ್ ಬಿಟ್ಟರೆ ದಣಿದವರು ಕಾಲಿಡಲೂ ಜಾಗವಿಲ್ಲ.

ಪಾಲಿಕೆ ಕಲ್ಲುಬೆಂಚು ಹಾಕಿಸುವವರೆಗೆ ಕಾಯಬೇಕಾಗಿಲ್ಲ. ಪ್ರತಿ ಹತ್ತು ಅಂಗಡಿಗೆ ಒಬ್ಬ ಸಾಹುಕಾರರು ಹೊರಗೊಂದು ಸ್ಟೂಲು ಇಡಲಿ, ವ್ಯಾಪಾರ ಮಾಡದವರೂ ಐದು ನಿಮಿಷ ಕೂತು ಹೋಗಲಿ. ಕಸಕ್ಕೆ ಕಡ್ಡಿ ಗೀರುವ ಬದಲು ಪಾಲಿಕೆ ಗಾಡಿಗೆ ಕೊಡಲಿ. ಬಸ್ಸಿನ ಕಂಡಕ್ಟರೂ ಮೆಟ್ಟಿಲ ಬಳಿ ಕಂಬಿ ಹಿಡಿದು ಉಸಿರು ಎಳೆದುಕೊಳ್ಳುತ್ತಿರುವವರನ್ನು ಕಂಡರೆ "ಹತ್ರೀ ಬೇಗ" ಅನ್ನದೆ, ಅವರು ಸೀಟು ಹಿಡಿದ ಮೇಲೆ ರೈಟ್ ಹೇಳಲಿ. ಅರ್ಧ ನಿಮಿಷದ ಕೆಲಸ.