ಕೆಜಿಎಫ್ ಟೌನ್‌ಶಿಪ್: ದೂಳು, ಹಕ್ಕುಪತ್ರ ಮೊದಲು, ಪ್ಲಾಟು ಆಮೇಲೆ

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಕಂಡಿದ್ದ ಊರು, ಬೆಂಗಳೂರಿಗಿಂತ ಮೊದಲು. ಇವತ್ತು ಇಲ್ಲಿನ ಸಾವಿರಾರು ಮಂದಿ ಬೆಳಗಾಗುವ ಮುಂಚೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಹಾಗಾಗಿ, ಬಿಜಿಎಂಎಲ್ ಕೈಯಲ್ಲಿರುವ 2,330 ಎಕರೆಯಲ್ಲಿ ಕೈಗಾರಿಕಾ ಟೌನ್‌ಶಿಪ್ ಮಾಡುವ ಮಾತು ಬಂದಾಗ ಜನರಿಗೆ ಆಸೆ ಹುಟ್ಟಿದ್ದು ಸಹಜ. ನಾವೂ ಅದನ್ನು ಬೇಡ ಎನ್ನುವುದಿಲ್ಲ. ಪಕ್ಕದಲ್ಲೇ ಬೆಮೆಲ್ ಇದೆ, ಬೇತಮಂಗಲದ ಕಡೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದಿದೆ. ಫ್ಯಾಕ್ಟರಿ, ಮನೆ, ಅಂಗಡಿ, ಶಾಲೆ ಎಲ್ಲವೂ ಒಟ್ಟಿಗೆ ಬರಲು ಜಾಗ ಇದೆ. ನಮ್ಮ ತಕರಾರು ಕೆಲಸದ ಸರದಿಯ ಬಗ್ಗೆ.

ಮೊದಲನೆಯದು ದೂಳು. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಇನ್ನೊಂದು ಒಪ್ಪಿಗೆಯನ್ನೂ ಕೊಟ್ಟಿತು: ಸುಮಾರು 1,003 ಎಕರೆಯಲ್ಲಿ ಹರಡಿರುವ 13 ಸೈನೈಡ್ ಗುಡ್ಡಗಳನ್ನು ಅಗೆದು ಉಳಿದ ಚಿನ್ನ ತೆಗೆಯುವುದು. ಸುಮ್ಮನೆ ಬಿದ್ದಿರುವ ಗುಡ್ಡವೇ ಗಾಳಿಕಾಲದಲ್ಲಿ ಮನೆ, ಹೊಲ, ಬಾವಿ ಎಲ್ಲದರ ಮೇಲೂ ದೂಳು ಸುರಿಯುತ್ತದೆ. ಅಗೆಯಲು ಶುರುಮಾಡಿದರೆ? ನೀರು ಚಿಮುಕಿಸುವುದು, ಲಾರಿಗೆ ಟಾರ್ಪಾಲು ಹೊದಿಸುವುದು, ಬಾವಿ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿ ಬೋರ್ಡಿಗೆ ಹಾಕುವುದು, ಇಷ್ಟಾದರೂ ಟೆಂಡರಿನ ಷರತ್ತಿನಲ್ಲೇ ಇರಬೇಕು. ದೂಳು ನಿಲ್ಲಿಸದೆ ಪಕ್ಕದಲ್ಲಿ ಸೈಟು ಮಾಡಿದರೆ ಅಲ್ಲಿ ಬಂದು ಬಾಳುವವರು ಯಾರು?

ಎರಡನೆಯದು ಮನೆ. ಕಂಪನಿಯ ಲೈನ್ ಮನೆಗಳಲ್ಲಿ ಮಾಜಿ ಕಾರ್ಮಿಕರ ಕುಟುಂಬಗಳು ಇಂದಿಗೂ ಇವೆ. ಮನೆ ನಮ್ಮ ಹೆಸರಿಗೆ ಮಾಡಿಕೊಡಿ ಎಂಬುದು ಅವರ ಹಳೆಯ ಬೇಡಿಕೆ. ಹೊರಗಿನ ಕಂಪನಿಗೆ ಪ್ಲಾಟು ಅಳೆಯುವ ಮುಂಚೆ ಈ ಕುಟುಂಬಗಳ ಕೈಗೆ ಹಕ್ಕುಪತ್ರ ಬರಲಿ. ನೆಲದ ಕೆಳಗೆ ಮೂರು ಕಿಲೋಮೀಟರ್ ಇಳಿದು ದುಡಿದವರನ್ನು ಒತ್ತುವರಿದಾರರ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲ.

ಮೂರನೆಯದು ಕೆಲಸ. ಸ್ಥಳೀಯರಿಗೆ ಆದ್ಯತೆ ಎಂದು ಎಲ್ಲರೂ ಹೇಳುತ್ತಾರೆ. ಸ್ಥಳೀಯ ಎಂದರೆ ಯಾರು? ಕನ್ನಡಿಗರಿಗೆ ಇಷ್ಟು ಪಾಲು ಎಂದರೆ ಬೀದರ್‌ನವರೂ ಬರಬಹುದು, ತಪ್ಪಿಲ್ಲ. ಆದರೆ ದೂಳು ಕುಡಿದ ಊರಿಗೆ ಏನು ಸಿಕ್ಕಿತು? ಬರುವ ಕಾರ್ಖಾನೆಗೆ ಬೇಕಾದ ತರಬೇತಿ ಕೆಜಿಎಫ್, ಬಂಗಾರಪೇಟೆಯ ಐಟಿಐಗಳಲ್ಲಿ ಈಗಲೇ ಶುರುವಾದರೆ ಮಾತ್ರ ನಮ್ಮ ಹುಡುಗ ಹುಡುಗಿಯರು ಆ ಗೇಟಿನೊಳಗೆ ಹೋಗುತ್ತಾರೆ. ಇಲ್ಲವಾದರೆ ಸೆಕ್ಯೂರಿಟಿ, ಕಸಗುಡಿಸುವ ಕೆಲಸವೇ ಗತಿ.

ಸುತ್ತಲಿನ ಊರಿನವರು ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಬರೆಸಿ: ಟೌನ್‌ಶಿಪ್ ನಕ್ಷೆಯಲ್ಲಿ ನಮ್ಮ ಊರಿನ ಗಡಿ, ಕೆರೆ, ದಾರಿ ಎಲ್ಲಿವೆ? ನಕ್ಷೆ ಕನ್ನಡದಲ್ಲೂ, ಲೈನಿನ ಅಜ್ಜ ಅಜ್ಜಿಯರು ಓದುವಂತೆ ತಮಿಳಿನಲ್ಲೂ ಇರಲಿ. ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗದೆ ಸಭೆಯಿಂದ ಏಳಬೇಡಿ.