ಆ ಕುಳ್ಳ ಕಂಬ ನಮ್ಮನ್ನು ಹೆದರಿಸಿದ ಕತೆ

ಕಳೆದ ಜನವರಿಯಲ್ಲಿ ಮಗಳ ಶಾಲೆಯಿಂದ ಒಂದು ಪಿಡಿಎಫ್ ಬಂತು. ಇಲ್ಲಿ ಅಮೆರಿಕದಲ್ಲಿ ಎರಡನೇ ಕ್ಲಾಸಿನ ಮಕ್ಕಳಿಗೆ ಒಂದು ಪರೀಕ್ಷೆ ಇರುತ್ತದೆ: ಕತೆಯ ಪುಟ ಕೊಟ್ಟು, ಒಂದು ನಿಮಿಷದಲ್ಲಿ ಎಷ್ಟು ಪದ ಸರಿಯಾಗಿ ಓದುತ್ತಾರೆ ಎಂದು ಎಣಿಸುತ್ತಾರೆ. ವರದಿಯಲ್ಲಿ ಎರಡೇ ಕಂಬ. ನೀಲಿಯದು ತರಗತಿಯ ಸರಾಸರಿ, ಕಿತ್ತಳೆಯದು ನಮ್ಮವಳದ್ದು. ಕಿತ್ತಳೆ ಕಂಬ ನೀಲಿ ಕಂಬದ ಸರಿಯಾಗಿ ಅರ್ಧಕ್ಕೆ ನಿಂತಿತ್ತು. ಕೆಳಗೆ ಒಂದು ಸಾಲು: ಮನೆಯಲ್ಲಿ ಇಂಗ್ಲಿಷ್ ಓದು ಹೆಚ್ಚಿಸಿ.

ಹೆಂಡತಿ ಫೋನನ್ನು ನನ್ನ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಇನ್ಮೇಲೆ ಮನೇಲೂ ಇಂಗ್ಲಿಷೇ ಮಾತಾಡೋಣ್ವಾ? ನಮ್ ಹಟಕ್ಕೆ ಮಗು ಹಿಂದೆ ಬೀಳ್ತಿದ್ಯೇನೋ." ನನಗೂ ಹಾಗೇ ಅನ್ನಿಸಿತ್ತು. ಆ ರಾತ್ರಿ ಮಲಗುವ ಮುಂಚಿನ ಕನ್ನಡ ಕತೆಯನ್ನು ಬಿಟ್ಟೆವು. ಮರುದಿನವೂ ಬಿಟ್ಟೆವು.

ನಾಚಿಕೆಯಿಂದಲೇ ಹೇಳುತ್ತಿದ್ದೇನೆ, ಗ್ರಾಫ್ ಬರೆಯುವುದು ನನ್ನ ದಿನನಿತ್ಯದ ಕೆಲಸ. ಬೇರೆಯವರ ಪ್ರಬಂಧದಲ್ಲಿ ಇಂಥ ಚಿತ್ರ ಕಂಡರೆ ಕೆಂಪು ಗುರುತು ಹಾಕುವವನು. ಆದರೂ ಎಡಬದಿಯ ಅಂಕಿಗಳನ್ನು ನಾನು ಓದಿದ್ದು ಮೂರನೇ ದಿನ. ಸರಾಸರಿ 86 ಪದ, ನಮ್ಮವಳದ್ದು 78. ಕಂಬಗಳು ಶುರುವಾಗಿದ್ದು ಸೊನ್ನೆಯಿಂದಲ್ಲ, 70ರಿಂದ! ಹಾಗಾಗಿ ನೀಲಿ ಕಂಬಕ್ಕೆ 16 ಪದದ ಎತ್ತರ, ಕಿತ್ತಳೆಗೆ 8. ಕಣ್ಣಿಗೆ ಅರ್ಧ. ಲೆಕ್ಕದಲ್ಲಿ ನೋಡಿದರೆ ಅವಳು ಸರಾಸರಿಯ ಶೇಕಡಾ 90ಕ್ಕಿಂತ ತುಸು ಹೆಚ್ಚೇ ಓದುತ್ತಿದ್ದಳು.

ಅಂಕಿ ಅಲ್ಲೇ ಬರೆದಿತ್ತಲ್ಲ, ನೋಡಬಾರದಿತ್ತೇ ಎಂದು ನೀವು ಕೇಳಬಹುದು. ತೊಂದರೆ ಇರುವುದೇ ಅಲ್ಲಿ. ಅಂಕಿಯನ್ನು ನಾವು ಓದಬೇಕು, ಕಂಬದ ಉದ್ದ ಓದದೆಯೇ ಕಾಣುತ್ತದೆ. ಓದು ಶುರುವಾಗುವಷ್ಟರಲ್ಲಿ ಕಣ್ಣು ತೀರ್ಪು ಕೊಟ್ಟಾಗಿರುತ್ತದೆ.

ಕಣ್ಣು ಯಾವುದನ್ನು ಸರಿಯಾಗಿ ಅಳೆಯುತ್ತದೆ, ಯಾವುದರಲ್ಲಿ ಎಡವುತ್ತದೆ ಎಂಬುದನ್ನು ಬೆಲ್ ಲ್ಯಾಬ್ಸ್‌ನ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಪ್ರಯೋಗ ಮಾಡಿ ನೋಡಿ 1984ರಲ್ಲಿ ಪ್ರಕಟಿಸಿದರು. ಒಂದೇ ಅಳತೆಪಟ್ಟಿಯ ಮೇಲೆ ಎರಡು ಗುರುತುಗಳು ಎಲ್ಲೆಲ್ಲಿವೆ ಎಂದು ಹೋಲಿಸುವುದರಲ್ಲಿ ನಾವು ಗಟ್ಟಿಗರು. ಉದ್ದ ಹೋಲಿಸುವುದು ಅದಕ್ಕಿಂತ ಸ್ವಲ್ಪ ಕಷ್ಟ. ಕೋನವೂ ಕಷ್ಟ: ಪೈ ಚಾರ್ಟ್‌ನ ತುಂಡುಗಳನ್ನು ಅಂದಾಜು ಮಾಡುವಾಗ ಜನ ಮಾಡಿದ ತಪ್ಪು, ಅದೇ ಅಂಕಿಗಳನ್ನು ಕಂಬದಲ್ಲಿ ತೋರಿಸಿದಾಗ ಮಾಡಿದ್ದಕ್ಕಿಂತ ಸುಮಾರು ಎರಡು ಪಟ್ಟು. ವಿಸ್ತೀರ್ಣ, ಗಾತ್ರ, ಬಣ್ಣದ ಗಾಢತೆ ಇವೆಲ್ಲ ಇನ್ನೂ ಕೆಳಗೆ. 2010ರಲ್ಲಿ ಜೆಫ್ರಿ ಹೀರ್ ಮತ್ತು ಮೈಕೆಲ್ ಬೊಸ್ಟಾಕ್ ಈ ಪ್ರಯೋಗವನ್ನು ಇಂಟರ್ನೆಟ್ಟಿನಲ್ಲಿ ಮತ್ತೆ ಮಾಡಿದಾಗಲೂ ಹೆಚ್ಚುಕಡಿಮೆ ಇದೇ ಕ್ರಮ ಸಿಕ್ಕಿತು.

ವಿಸ್ತೀರ್ಣದಲ್ಲಿ ನಾವು ಹೇಗೆ ಮೋಸ ಹೋಗುತ್ತೇವೆ ಎಂದು ನೋಡಬೇಕಿದ್ದರೆ ಈ ಭಾನುವಾರ ದೋಸೆ ಹುಯ್ಯಿರಿ. ಒಂದು ತಟ್ಟೆಯಲ್ಲಿ ಆರು ಇಂಚಿನ ಎರಡು ದೋಸೆ, ಇನ್ನೊಂದರಲ್ಲಿ ಒಂಬತ್ತು ಇಂಚಿನ ಒಂದೇ ದೋಸೆ, ದಪ್ಪ ಒಂದೇ ಇರಲಿ. ಯಾವ ತಟ್ಟೆಯಲ್ಲಿ ಜಾಸ್ತಿ ಎಂದು ಮಕ್ಕಳನ್ನು ಕೇಳಿ. ನಮ್ಮವಳು ಯೋಚನೆಯನ್ನೇ ಮಾಡದೆ ಎರಡು ದೋಸೆಯ ತಟ್ಟೆ ಎಳೆದುಕೊಂಡಳು. ಲೆಕ್ಕ ಹಾಕಿದರೆ 36ಕ್ಕೆ 36 ಸೇರಿ 72. ದೊಡ್ಡದು ಒಂದೇ 81. ವೃತ್ತ ದೊಡ್ಡದಾದಷ್ಟೂ ಅದು ಎಷ್ಟು ದೊಡ್ಡದಾಯಿತು ಎಂಬುದನ್ನು ಕಣ್ಣು ಕಡಿಮೆಯೇ ಅಂದಾಜು ಮಾಡುತ್ತದೆ. ಪತ್ರಿಕೆಗಳಲ್ಲಿ ದೇಶಗಳನ್ನು ಸಣ್ಣ ದೊಡ್ಡ ಗುಂಡುಗಳಾಗಿ ಬಿಡಿಸಿರುತ್ತಾರಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಆ ದೋಸೆ ನೆನಪಾಗುತ್ತದೆ. (ಲೆಕ್ಕ ತೋರಿಸಿದ ಮೇಲೂ ಮಗಳು ತಟ್ಟೆ ಬದಲಾಯಿಸಲು ಒಪ್ಪಲಿಲ್ಲ.)

ಹಾಗಾದರೆ ಪ್ರತಿ ಗ್ರಾಫೂ ಸೊನ್ನೆಯಿಂದಲೇ ಶುರುವಾಗಬೇಕೇ? ಇಲ್ಲ. ಇದನ್ನು ಕಣ್ಣು ಮುಚ್ಚಿಕೊಂಡು ನಿಯಮ ಮಾಡುವವರ ಜೊತೆ ನನ್ನ ಜಗಳ ಇದ್ದೇ ಇದೆ. ಮಗುವಿಗೆ ಜ್ವರ ಬಂದಿದೆ ಅನ್ನಿ. ಥರ್ಮಾಮೀಟರ್ 98.6 ಇದ್ದದ್ದು 102ಕ್ಕೆ ಏರಿದೆ. ಸೊನ್ನೆಯಿಂದ ಕಂಬ ಎಳೆದರೆ ಎರಡೂ ಒಂದೇ ಎತ್ತರ ಕಾಣುತ್ತವೆ, ಮಗು ಮಾತ್ರ ಕಾದ ಹೆಂಚಿನಂತೆ ಸುಡುತ್ತಿರುತ್ತದೆ. ಅಲ್ಲಿ 96ರಿಂದ ಶುರುವಾಗುವ ಪಟ್ಟಿಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆಯುವುದೇ ಸರಿ. ವ್ಯತ್ಯಾಸ ಇಷ್ಟೇ: ಕಂಬ ತನ್ನ ಉದ್ದದಿಂದ ಮಾತಾಡುತ್ತದೆ, ಬುಡ ಕತ್ತರಿಸಿದರೆ ಅದರ ಮಾತು ಸುಳ್ಳಾಗುತ್ತದೆ. ಚುಕ್ಕಿ ತಾನು ಕೂತ ಜಾಗದಿಂದ ಮಾತಾಡುತ್ತದೆ, ಅದಕ್ಕೆ ಬುಡವೇ ಇಲ್ಲ.

ಹಳೆಯ ಇಮೇಲುಗಳನ್ನು ಹುಡುಕಿ ನಾನು ಮಾಡಿದ್ದೂ ಅದನ್ನೇ. ಸೆಪ್ಟೆಂಬರಿನಲ್ಲಿ ಅವಳದ್ದು 58, ತರಗತಿಯದು 70. ನವೆಂಬರಿನಲ್ಲಿ 68 ಮತ್ತು 78. ಜನವರಿಯಲ್ಲಿ 78 ಮತ್ತು 86. ಆರು ಚುಕ್ಕಿ, ಎರಡು ಗೆರೆ. ಯಾವ ಬಣ್ಣ ಯಾರದ್ದು ಎಂಬ ಪಟ್ಟಿಯನ್ನು ಮೂಲೆಯಲ್ಲಿ ಕೊಡದೆ ಗೆರೆಯ ತುದಿಯಲ್ಲೇ ಹೆಸರು ಬರೆದೆ. ಕಣ್ಣು ಅಲ್ಲಿಂದಿಲ್ಲಿಗೆ ಓಡಾಡುವುದು ತಪ್ಪುತ್ತದೆ, ಕೆಂಪು ಹಸಿರು ಗುರುತಿಸಲಾಗದವರಿಗೂ ಅರ್ಥವಾಗುತ್ತದೆ. ಕಾಗದವನ್ನು ಹೆಂಡತಿಯ ಮುಂದೆ ಇಟ್ಟೆ. "ಹತ್ರ ಬರ್ತಿದ್ದಾಳಲ್ಲ!" ಅಂದಳು. ಅಂತರ 12 ಇದ್ದದ್ದು 10 ಆಗಿ 8ಕ್ಕೆ ಇಳಿದಿತ್ತು. ಅಷ್ಟೂ ತಿಂಗಳು ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೇನೂ ಮಾತಾಡಿರಲಿಲ್ಲ.

ಎಂಟು ಪದ ಹಿಂದಿರುವುದು ಸುಳ್ಳಲ್ಲ. ಕತೆ ಬದಲಾದರೆ, ನಿದ್ದೆ ಕಮ್ಮಿಯಾದರೆ ಒಂದೇ ಮಗು ನಾಲ್ಕಾರು ಪದ ಹೆಚ್ಚುಕಡಿಮೆ ಓದುವುದು ಸಾಮಾನ್ಯ ಎಂಬುದೂ ನಿಜ. ಟೀಚರ್ ಹತ್ತಿರ ಆ ಕಾಗದ ತೆಗೆದುಕೊಂಡು ಹೋದೆ. ಪಾಪ, ಅವರ ತಪ್ಪಲ್ಲ. ಕಂಬ ಎಲ್ಲಿಂದ ಶುರುವಾಗಬೇಕೆಂದು ಸಾಫ್ಟ್‌ವೇರೇ ತೀರ್ಮಾನಿಸುತ್ತದಂತೆ. ಸಂಜೆ ಹತ್ತು ನಿಮಿಷ ಗಟ್ಟಿಯಾಗಿ ಇಂಗ್ಲಿಷ್ ಓದಿಸೋಣ ಎಂದು ಮಾತಾಯಿತು. ಮಲಗುವಾಗಿನ ಕನ್ನಡ ಕತೆ ವಾಪಸು ಬಂತು.

ದುಬೈ, ದೋಹಾ ಕಡೆಯ ಓದುಗರಿಗೆ ಒಂದು ಮಾತು. ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಿಂಡಿ, ಊಟ ಇಂಥವನ್ನು ಕಾಗದದ ಮೇಲೆ ಕಾಲಕ್ರಮದಲ್ಲಿ ಇಡಲು ಮಕ್ಕಳಿಗೆ ಹೇಳಿದ್ದರು. ಇಂಗ್ಲಿಷ್ ಮಕ್ಕಳು ಹೆಚ್ಚಾಗಿ ಎಡದಿಂದ ಬಲಕ್ಕೆ ಇಟ್ಟರೆ, ಅರಬ್ಬಿ ಮಕ್ಕಳು ಹೆಚ್ಚಾಗಿ ಬಲದಿಂದ ಎಡಕ್ಕೆ ಇಟ್ಟರು. ನಿಮ್ಮ ಮಗು ಶಾಲೆಯಲ್ಲಿ ಅರಬ್ಬಿ ಕಲಿಯುತ್ತಾ ಸೋಮವಾರವನ್ನು ಬಲತುದಿಗೆ ಬರೆದರೆ ಗದರಬೇಡಿ. ಯಾಕೆ ಹಾಗೆ ಬರೆದೆ ಎಂದು ಕನ್ನಡದಲ್ಲಿ ಕೇಳಿ, ಅರ್ಧ ಗಂಟೆ ಮಾತು ಸಿಗುತ್ತದೆ.

ನಮ್ಮ ಫ್ರಿಜ್ಜಿನ ಮೇಲೆ ಈಗ ಮಗಳದ್ದೇ ಒಂದು ಗ್ರಾಫಿದೆ. ವಾರಕ್ಕೆ ಎಷ್ಟು ಹೊಸ ಕನ್ನಡ ಪದ ಕಲಿತಳು ಎಂಬ ಲೆಕ್ಕ. ಪದಕ್ಕೊಂದು ಚೌಕದ ಸ್ಟಿಕ್ಕರ್, ಒಂದರ ಮೇಲೊಂದು. ಕಂಬದ ಬುಡದಲ್ಲಿ ದೊಡ್ಡ ಸೊನ್ನೆ ಬರೆದವಳು ಅವಳೇ. ಮೂರನೇ ವಾರ ಎರಡೇ ಸ್ಟಿಕ್ಕರ್ ಬಿದ್ದವು. ಅಜ್ಜಿ ವಿಡಿಯೋ ಕಾಲಿನಲ್ಲಿ ನೋಡಿ "ಯಾಕೆ ಪುಟ್ಟಿ, ಇದೊಂದು ಕುಳ್ಳಗಿದೆ?" ಎಂದು ಕೇಳಿದರು. ಅವತ್ತೇ ಪೆನ್ಸಿಲ್ ತೆಗೆದುಕೊಂಡು ಆ ಕಂಬದ ಕೆಳಗೆ "ಜರ" ಎಂದು ಬರೆದಳು. ವ ಒತ್ತು ಇನ್ನೂ ಕಲಿತಿಲ್ಲ.