ದೋಸೆಗೆ ಅಂಕ ಕೊಟ್ಟಿರಿ, ನಲ್ಲಿಗೆ?

ಬೆಂಗಳೂರಿಗೆ ಬಂದಿಳಿದ ನೆಂಟರು ಎರಡು ಪ್ರಶ್ನೆಗಳನ್ನು ಕೇಳಿಯೇ ಕೇಳುತ್ತಾರೆ. ಒಳ್ಳೆಯ ಮಸಾಲೆ ದೋಸೆ ಎಲ್ಲಿ ಸಿಗುತ್ತದೆ? ಬೆಳಿಗ್ಗೆ ಅಡ್ಡಾಡಲು ಹತ್ತಿರದಲ್ಲಿ ಪಾರ್ಕು ಯಾವುದಿದೆ? ಇವೆರಡಕ್ಕೂ ಮನೆಯ ಪ್ರತಿಯೊಬ್ಬರ ಬಳಿಯೂ ಉತ್ತರ ಸಿದ್ಧವಾಗಿರುತ್ತದೆ. ಅದೂ ಒಬ್ಬರದು ಇನ್ನೊಬ್ಬರಿಗೆ ಒಪ್ಪಿಗೆಯಾಗದ ಉತ್ತರ! ಈಗಂತೂ ಬಿಲ್ಲು ಕೊಡುವ ಮೊದಲೇ ಫೋನಿನಲ್ಲಿ ಐದಕ್ಕೆ ಇಷ್ಟು ನಕ್ಷತ್ರ ಎಂದು ಅಂಕ ಹಾಕಿ, ಕೆಳಗೆ ಎರಡು ಸಾಲು ಬರೆಯುವ ಅಭ್ಯಾಸ ಮಕ್ಕಳಿಂದ ಅಜ್ಜಂದಿರವರೆಗೆ ಹಬ್ಬಿದೆ. ‘ಚಟ್ನಿ ಅದ್ಭುತ’, ‘ಕಾಫಿ ಸಾಧಾರಣ’, ‘ಗಾಡಿ ನಿಲ್ಲಿಸಲು ಜಾಗವಿಲ್ಲ’, ‘ಪಾರ್ಕಿನಲ್ಲಿ ಫೋಟೊ ಚೆನ್ನಾಗಿ ಬರುತ್ತದೆ’. ನಾನೂ ಇವನ್ನು ಕುತೂಹಲದಿಂದ ಓದುತ್ತೇನೆ. ಆದರೆ ವೈದ್ಯನಾದವನು ತಿಳಿಯಬಯಸುವ ಸಂಗತಿ ಅವುಗಳಲ್ಲಿ ನೂರಕ್ಕೊಂದು ಸಿಕ್ಕರೆ ಹೆಚ್ಚು.

ಇದರಲ್ಲಿ ಜನರ ತಪ್ಪೇನೂ ಇಲ್ಲ. ರುಚಿ ನಾಲಿಗೆಗೆ ತಕ್ಷಣ ತಿಳಿಯುತ್ತದೆ, ಕಾಯಿಲೆ ಹಾಗಲ್ಲ. ಬೆಳಗಿನ ಜಾವ ವಾಂತಿ ಭೇದಿ ಶುರುವಾಗಿ ದವಾಖಾನೆಗೆ ಬಂದವರನ್ನು ಕೇಳಿ ನೋಡಿ: ‘ನಿನ್ನೆ ರಾತ್ರಿ ಆ ಹೋಟೆಲಿನಲ್ಲಿ ತಿಂದಿದ್ದೇ ಕಾರಣ ಡಾಕ್ಟ್ರೇ’ ಎನ್ನುತ್ತಾರೆ. ಇರಬಹುದು. ಅಡುಗೆಯವನ ಕೈಯ ಗಾಯದಿಂದ ಆಹಾರಕ್ಕೆ ಸೇರುವ ಸ್ಟಫಿಲೊಕಾಕಸ್ ಎಂಬ ರೋಗಾಣುವಿನ ವಿಷವಾದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ತರಿಸುತ್ತದೆ. ಆದರೆ ಟೈಫಾಯಿಡ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಕೊಳಕು ನೀರಿನಿಂದ ಬರುವ ‘ಹೆಪಟೈಟಿಸ್ ಎ’ ಕಾಮಾಲೆಗೆ 15ರಿಂದ 50 ದಿನ, ಸರಾಸರಿ ನಾಲ್ಕು ವಾರ. ಒಂದು ತಿಂಗಳ ಹಿಂದೆ ಎಲ್ಲಿ ಯಾವ ಲೋಟದಲ್ಲಿ ನೀರು ಕುಡಿದೆವು ಎಂದು ನೆನಪಿಡುವವರು ಯಾರು? ಕಣ್ಣು ಹಳದಿಯಾಗುವ ಹೊತ್ತಿಗೆ ಆ ಹೋಟೆಲಿಗೆ ಕೊಟ್ಟ ಐದು ನಕ್ಷತ್ರ ಭದ್ರವಾಗಿ ಹಾಗೆಯೇ ಮಿನುಗುತ್ತಿರುತ್ತದೆ. ಹಿಂದಿನ ರಾತ್ರಿ ಊಟ ಹಾಕಿದ ಬಡಪಾಯಿ ಹೋಟೆಲಿನವನು ಮಾತ್ರ ಬೈಸಿಕೊಳ್ಳುತ್ತಾನೆ.

ಆದ್ದರಿಂದಲೇ ನಾನು ಹೇಳುವುದು: ತಿಂದ ಮೇಲೆ ಏನಾಯಿತು ಎಂಬುದರಿಂದ ಹೋಟೆಲನ್ನು ಅಳೆಯಲಾಗದು. ತಿನ್ನುವ ಮುಂಚೆ ಕಣ್ಣಿಗೆ ಏನು ಬಿತ್ತು ಎಂಬುದರಿಂದಲೇ ಅಳೆಯಬೇಕು. ಅಂಥ ನೋಟಕ್ಕೆ ನಮ್ಮ ಊರಿನಲ್ಲಿ ಹಳೆಯ ಮೇಲ್ಪಂಕ್ತಿಯೇ ಇದೆ. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ನಮ್ಮ ಎಂಟಿಆರ್, ರುಚಿಗೆ ಹೆಸರಾದದ್ದು ಎಲ್ಲರಿಗೂ ಗೊತ್ತು. ಅದನ್ನು ನಡೆಸುತ್ತಿದ್ದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ಸುತ್ತಿ ಬಂದವರು ತಂದದ್ದು ಅಲ್ಲಿನ ಅಡುಗೆಯನ್ನಲ್ಲ, ಅಲ್ಲಿನ ಶುಚಿತ್ವವನ್ನು. ತಟ್ಟೆ ಲೋಟಗಳನ್ನು ಬಿಸಿಯಿಂದ ಶುದ್ಧಿ ಮಾಡುವ ಕ್ರಮ ತಂದರು. ಅಲ್ಲಿ ಗಿರಾಕಿಗಳು ಅಡುಗೆಮನೆಯನ್ನು ಹಾದೇ ಊಟದ ಕೋಣೆಗೆ ಹೋಗುತ್ತಿದ್ದ ಕಾಲವೂ ಇತ್ತು. ಅಡುಗೆಮನೆಯ ಬಾಗಿಲು ತೆರೆದಿಡುವುದಕ್ಕಿಂತ ದೊಡ್ಡ ಜಾಹೀರಾತು ಯಾವ ಹೋಟೆಲಿಗೆ ಬೇಕು ಹೇಳಿ?

1983ರಲ್ಲಿ ಜಯನಗರದಲ್ಲಿ ಶುರುವಾಗಿ ಊರಿಗೆಲ್ಲ ಹಬ್ಬಿದ ದರ್ಶಿನಿಗಳಲ್ಲೂ ಈ ಗುಣ ಉಂಟು. ಕಾವಲಿ, ಇಡ್ಲಿ ಪಾತ್ರೆ, ದೋಸೆ ಹುಯ್ಯುವ ಕೈ ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ವ್ಯಾಪಾರ ಜೋರಾಗಿರುವುದರಿಂದ ಮಾಡಿದ ಪದಾರ್ಥ ತಣ್ಣಗಾಗಿ ಕೂರುವುದಿಲ್ಲ. ಹಬೆಯಾಡುವ ಇಡ್ಲಿಗಿಂತ ನಿರಪಾಯವಾದ ತಿಂಡಿಯನ್ನು ನಾನು ಬೇರೆ ಕಾಣೆ. ಕರಾವಳಿಗೋ ಕಾಶಿಗೋ ಹೊರಟ ರೋಗಿಗಳಿಗೂ ಅದನ್ನೇ ಹೇಳುತ್ತೇನೆ. ತೊಂದರೆ ಇರುವುದು ಪಕ್ಕದ ಚಟ್ನಿಯಲ್ಲಿ. ಹಸಿ ತೆಂಗಿನಕಾಯಿ, ಕುದಿಸದ ನೀರು, ಬೇಸಿಗೆಯ ಸೆಕೆ: ರೋಗಾಣುಗಳಿಗೆ ಇದಕ್ಕಿಂತ ಒಳ್ಳೆಯ ಔತಣ ಇನ್ನಿಲ್ಲ. ಐದರಿಂದ ಅರವತ್ತು ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಅವು ಸಲೀಸಾಗಿ ವೃದ್ಧಿಯಾಗುತ್ತವೆ. ರುಬ್ಬಿದ ಚಟ್ನಿ ಎರಡು ಗಂಟೆಗೂ ಹೆಚ್ಚು ಹೊತ್ತು ಬಕೆಟ್ಟಿನಲ್ಲಿ ಹೊರಗೇ ಕುಳಿತಿದ್ದರೆ ಅದನ್ನು ಬಿಡುವುದೇ ಲೇಸು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಸಾಂಬಾರೇ ಇಲ್ಲ, ಇಡ್ಲಿ ವಡೆಗೆ ಚಟ್ನಿ ಮಾತ್ರ. ಆದರೂ ಜನ ಮುಗಿಬೀಳುತ್ತಾರೆ. ಬೇಗ ಬೇಗ ಖರ್ಚಾಗುವ ಚಟ್ನಿ ಎಂಬುದು ಅದರ ರುಚಿಯ ಗುಟ್ಟೂ ಹೌದು, ಆರೋಗ್ಯದ ಗುಟ್ಟೂ ಹೌದು. ಅದೇ ಚಟ್ನಿಯನ್ನು ಪಾರ್ಸೆಲ್ ಕಟ್ಟಿಸಿ ತಂದು ಸಂಜೆಯ ಚಪಾತಿಗೆ ಉಳಿಸಿಕೊಳ್ಳುವವರನ್ನು ಕಂಡರೆ ನನಗೆ ಭಯ.

ಮೊದಲು ಕೈತೊಳೆಯುವ ಜಾಗಕ್ಕೆ ಹೋಗಿ. ನೀರು ಬರುತ್ತದೆಯೇ? ಸೋಪು ಇದೆಯೇ, ಅಥವಾ ಸೋಪಿನ ಹೆಸರಿನಲ್ಲಿ ಬಾಟಲಿಯಲ್ಲಿ ನೊರೆನೀರು ಇಟ್ಟಿದ್ದಾರೆಯೇ? ಗಿರಾಕಿಯ ಕೈಗೇ ಸೋಪಿಲ್ಲದ ಕಡೆ ಅಡುಗೆಯವನ ಕೈಗೆ ಎಲ್ಲಿಂದ ಬರಬೇಕು? ಚಮಚಗಳನ್ನು ಅದ್ದಿಟ್ಟ ನೀರಿನ ಮೇಲೆ ಹಬೆ ಕಾಣಬೇಕು. ಉಗುರು ಬೆಚ್ಚಗಿನ, ಎಣ್ಣೆ ತೇಲುವ ನೀರು ಚಮಚವನ್ನು ತೊಳೆಯುವುದಿಲ್ಲ, ಹಿಂದಿನವರ ಎಂಜಲನ್ನು ನಿಮಗೆ ಹಂಚುತ್ತದೆ. ಮೇಜು ಒರೆಸುವ ಬಟ್ಟೆಯಲ್ಲೇ ತಟ್ಟೆಯನ್ನೂ ಒರೆಸುತ್ತಾರೆಯೇ ನೋಡಿ. ಸ್ನಾನದ ಮನೆಯಷ್ಟು ಥಳಥಳಿಸುವ ಟೈಲ್ಸು ಹಾಕಿಸಿ, ಈ ಒಂದು ಬಟ್ಟೆಯನ್ನು ಬದಲಾಯಿಸಲು ಜಿಪುಣತನ ಮಾಡುವ ಹೋಟೆಲುಗಳು ನಮ್ಮಲ್ಲಿ ಕಡಿಮೆಯೇನಲ್ಲ.

ನೀರಿನ ಮಾತು ಇನ್ನೂ ಮುಖ್ಯ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕೊಳವೆ ಬಾವಿಗಳು ಬತ್ತಿ, ಮನೆ ಹೋಟೆಲುಗಳೆಲ್ಲ ಟ್ಯಾಂಕರಿನ ದಾರಿ ಕಾದದ್ದನ್ನು ನಾವು ಮರೆತಿಲ್ಲ. ಟ್ಯಾಂಕರಿನ ನೀರು ಯಾವ ಬಾವಿಯದು ಎಂದು ತಂದವನಿಗೂ ಗೊತ್ತಿರುವುದಿಲ್ಲ. ‘ಕುಡಿಯುವ ನೀರು ಫಿಲ್ಟರಿನದು ಸಾರ್’ ಎಂದು ಹೋಟೆಲಿನವರು ಹೇಳಿದಾಗ, ‘ಚಟ್ನಿಗೆ, ಲೋಟ ತೊಳೆಯುವುದಕ್ಕೆ ಯಾವ ನೀರು?’ ಎಂದು ಕೇಳಿ. ಮುಖ ಸಿಂಡರಿಸಿದರೆ ನಿಮಗೆ ಉತ್ತರ ಸಿಕ್ಕಿತು. ಒಂದು ಲೋಟ ಬಿಸಿನೀರು ಕೇಳಿ ಪಡೆಯುವುದಕ್ಕೆ ನಾಚಿಕೆ ಏಕೆ? ಕಾಸು ಕೊಡುವವರು ನೀವು.

ಬಣ್ಣದ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಸರ್ಕಾರವೇ ಇಲ್ಲಿ ಕಣ್ಣು ತೆರೆದಿದೆ. 2024ರ ಮಾರ್ಚಿಯಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬೊಂಬಾಯಿ ಮಿಠಾಯಿಗೆ ಬಣ್ಣ ಬೆರೆಸುವುದನ್ನೂ ಕರ್ನಾಟಕದಲ್ಲಿ ನಿಷೇಧಿಸಲಾಯಿತು. ಗುಲಾಬಿ ಮಿಠಾಯಿಯಲ್ಲಿ ಬಟ್ಟೆಗೆ ಬಳಸುವ ರೊಡಮೈನ್-ಬಿ ಸಿಕ್ಕಿತ್ತು. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದದ್ದು ತಪಾಸಣೆಯಲ್ಲಿ ಬಯಲಾಯಿತು. ಮೇಲೆ ನಾನು ಅಷ್ಟೊಂದು ಹೊಗಳಿದ ಇಡ್ಲಿಗೂ ಈ ಗತಿ! ತಟ್ಟೆಯಿಂದ ಎತ್ತುವಾಗ ಒಮ್ಮೆ ಇಣುಕಿ ನೋಡಿದರೆ ಬಟ್ಟೆಯೋ ಪ್ಲಾಸ್ಟಿಕ್ಕೋ ಯಾರಿಗಾದರೂ ತಿಳಿಯುತ್ತದೆ. ಕರಿದ ಎಣ್ಣೆಯದೂ ಹಾಗೆಯೇ. ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಅದರಲ್ಲಿ ಹೆಚ್ಚುವ ‘ಪೋಲಾರ್’ ಸಂಯುಕ್ತಗಳು ಶೇಕಡಾ 25 ದಾಟಬಾರದೆಂಬ ನಿಯಮ 2018ರ ಜುಲೈಯಿಂದ ಇದೆ. ಅಳೆಯುವ ಉಪಕರಣ ನಮ್ಮ ಬಳಿ ಇಲ್ಲದಿದ್ದರೂ, ಕಪ್ಪಾಗಿ, ಅಂಟಂಟಾಗಿ, ನೊರೆಯೇಳುತ್ತಾ ಕಣ್ಣುರಿಸುವ ಎಣ್ಣೆಯನ್ನು ಗುರುತಿಸಲು ಗೃಹಿಣಿಯರಿಗೆ ನಾನು ಪಾಠ ಹೇಳಬೇಕಿಲ್ಲ. ಬಿಲ್ಲಿನ ಮೇಲೆ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರಬೇಕೆಂಬುದೂ 2022ರಿಂದ ಜಾರಿಯಲ್ಲಿದೆ. ಅದೇ ಇಲ್ಲದವರಿಗೆ ನಕ್ಷತ್ರ ಕೊಡುವುದು ಹೇಗೆ?

ಇನ್ನು ಪಾರ್ಕುಗಳು. ‘ದಿನವೂ ನಡೆಯಿರಿ’ ಎಂದು ಚೀಟಿಯಲ್ಲಿ ಬರೆದುಕೊಡುವುದು ವೈದ್ಯರಿಗೆ ಬಲು ಸುಲಭ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಎಲ್ಲಿ ನಡೆಯಬೇಕು? ಈ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರೆಂದೇ ಹೇಳಬೇಕು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ಈಗ 240 ಎಕರೆ. 1870ರ ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ಭಾನುವಾರ ವಾಹನಗಳಿಲ್ಲ, ಹೃದ್ರೋಗಿಗಳಿಗೂ ಆಸ್ತಮಾದವರಿಗೂ ಆ ಒಂದು ದಿನ ಹಬ್ಬ. ಮಲ್ಲೇಶ್ವರದ ಕಡೆಯವರಿಗೆ ಸ್ಯಾಂಕಿ ಕೆರೆ, ಬಸವನಗುಡಿಯವರಿಗೆ ಕೃಷ್ಣರಾವ್ ಪಾರ್ಕು. ಇವುಗಳ ಚೆಲುವಿಗೆ ಅಂಕ ಕೊಡಲು ನಾನು ಯಾರು?

ಆದರೆ ಮಂಡಿನೋವಿನ ಅರವತ್ತೈದರ ಅಜ್ಜಿಯ ಕಣ್ಣಿನಿಂದ ಒಮ್ಮೆ ನೋಡಿ. ಲಾಲ್‌ಬಾಗಿನ ಬಂಡೆ 300 ಕೋಟಿ ವರ್ಷ ಹಳೆಯದು, ಮಳೆ ಬಿದ್ದ ಮರುದಿನ ಅಷ್ಟೇ ಜಾರುತ್ತದೆ. ವಯಸ್ಸಾದವರು ಕೆಳಗಿನಿಂದಲೇ ಕೆಂಪೇಗೌಡರ ಗೋಪುರಕ್ಕೆ ಕೈಮುಗಿದರೆ ಸಾಕು. ಬಡಾವಣೆಯ ಸಣ್ಣ ಪಾರ್ಕುಗಳಲ್ಲಿ ಮರದ ಬೇರುಗಳು ಎತ್ತಿ ಎಬ್ಬಿಸಿದ ಸಿಮೆಂಟು ಇಟ್ಟಿಗೆಗಳು ಎಡವಿಸುತ್ತವೆ. ಮೂಳೆ ಸವೆದ ಹೆಂಗಸರಿಗೆ ಒಂದು ಸಲ ಎಡವುವುದೆಂದರೆ ಸೊಂಟದ ಮೂಳೆ ಮುರಿತ, ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹಾಸಿಗೆ. ಕೆಲವರು ಮತ್ತೆ ಏಳುವುದೇ ಇಲ್ಲ. ನನ್ನ ಮಟ್ಟಿಗೆ ಗಟ್ಟಿ ಮಣ್ಣಿನ ಸಮತಟ್ಟಾದ ದಾರಿಯೇ ಮೇಲು. ಬೆಂಚುಗಳಿಗೆ ಒರಗುವ ಬೆನ್ನೂ, ಏಳುವಾಗ ಊರಲು ಕೈಗಳೂ ಇರಬೇಕು. ದಾನಿಗಳ ಹೆಸರನ್ನು ದೊಡ್ಡದಾಗಿ ಕೆತ್ತಿದ ಕಲ್ಲಿನ ಚಪ್ಪಡಿಯ ಮೇಲೆ ಮಂಡಿನೋವಿನವರು ಕುಳಿತರೆ ಎಬ್ಬಿಸಲು ಇನ್ನೊಬ್ಬರು ಬೇಕು. ದನ ನುಗ್ಗದಿರಲೆಂದು ಬಾಗಿಲಲ್ಲಿ ಹಾಕಿದ ಬಳಸು ಕಂಬಿಗಳು ಗಾಲಿಕುರ್ಚಿಯನ್ನೂ ತಡೆಯುತ್ತವೆ. ದನಗಳು ಹೇಗೂ ಬೇರೆ ದಾರಿ ಕಂಡುಕೊಂಡಿವೆ ಎನ್ನಿ!

ಶೌಚಾಲಯದ ಬಗ್ಗೆ ಯಾರೂ ಬರೆಯುವುದಿಲ್ಲ. ಇದು ನಾಚಿಕೆಯ ವಿಷಯವೆಂದು ಬಗೆಯುತ್ತಾರೆ. ಬೆಳಗಿನ ನಡಿಗೆ ಬಿಟ್ಟ ಹೆಂಗಸರನ್ನು ಕಾರಣ ಕೇಳಿದರೆ ಮೊದಮೊದಲು ಮಂಡಿನೋವು, ಮನೆಗೆಲಸ ಎನ್ನುತ್ತಾರೆ. ಎರಡನೆಯ ಸಲ ಮೆಲ್ಲಗೆ ಕೇಳಿದಾಗ ನಿಜ ಹೊರಬರುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದವರು, ಸಕ್ಕರೆ ಕಾಯಿಲೆಯವರು, ಹೆತ್ತ ಮೇಲೆ ಮೂತ್ರ ತಡೆಯುವ ಸ್ನಾಯು ಸಡಿಲಾದವರು ಮುಕ್ಕಾಲು ಗಂಟೆ ಪಾರ್ಕಿನಲ್ಲಿ ಹೇಗೆ ಕಳೆಯಬೇಕು? ಇದ್ದ ಶೌಚಾಲಯಕ್ಕೂ ಎಷ್ಟೋ ಕಡೆ ಬೀಗ. ಅದಕ್ಕಾಗಿ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಮೂತ್ರದ ಸೋಂಕು ತಂದುಕೊಳ್ಳುತ್ತಾರೆ, ಕೊನೆಗೆ ನಡಿಗೆಯನ್ನೇ ನಿಲ್ಲಿಸುತ್ತಾರೆ. ಹೋಟೆಲುಗಳಲ್ಲೂ ಇದೇ ಪಾಡು. ನನ್ನನ್ನು ಕೇಳಿದರೆ ಬೀಗ ತೆಗೆದ, ನೀರಿರುವ, ಚಿಲಕ ಸರಿಯಿರುವ ಒಂದು ಶೌಚಾಲಯಕ್ಕೆ ಎರಡು ನಕ್ಷತ್ರ ಮೊದಲೇ ಕೊಟ್ಟು, ಆಮೇಲೆ ಹೂವಿನ ಪಾತಿಯ ಕಡೆಗೆ ತಿರುಗಬೇಕು.

ಕೆಟ್ಟು ನಿಂತ ಕಾರಂಜಿಯ ತೊಟ್ಟಿಯನ್ನೂ ಬಗ್ಗಿ ನೋಡಿ. ನಿಂತ ನೀರಿನಲ್ಲಿ ಹುಳುಗಳು ಕುಣಿಯುತ್ತಿದ್ದರೆ ಅವು ಡೆಂಗೆ ಸೊಳ್ಳೆಯ ಮರಿಗಳೇ ಇರಬಹುದು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಹಗಲು ಹೊತ್ತು ಕಚ್ಚುವ ಈ ಸೊಳ್ಳೆಗೆ ಬೆಳಗಿನ, ಸಂಜೆಯ ಪಾರ್ಕಿನ ಜನಸಂದಣಿ ಹೇಳಿ ಮಾಡಿಸಿದ ಊಟ. ಪಾರಿವಾಳಗಳಿಗೆ ಕಾಳು ಚೆಲ್ಲುವ ಪುಣ್ಯವಂತರಿಗೂ ಒಂದು ಮಾತು: ಅವುಗಳ ಹಿಕ್ಕೆಯ, ಪುಕ್ಕದ ಧೂಳಿನಿಂದ ಶ್ವಾಸಕೋಶಕ್ಕೆ ಅಲರ್ಜಿಯ ಉರಿಯೂತ ಬಂದು ಉಸಿರಾಟವೇ ಕುಗ್ಗುವ ಕಾಯಿಲೆಯುಂಟು. ಪುಣ್ಯವನ್ನು ಬೇರೆ ಕಡೆ ಸಂಪಾದಿಸಬಹುದು.

ಹೋಟೆಲು, ಪಾರ್ಕು ಎರಡನ್ನೂ ಒಂದೇ ಲೇಖನದಲ್ಲಿ ತಂದದ್ದೇಕೆ ಎಂದು ನೀವು ಕೇಳಬಹುದು. ನಮ್ಮ ಊರಿನಲ್ಲಿ ಅವೆರಡರ ನಡುವೆ ಒಂದು ರಸ್ತೆಯ ಅಂತರವಷ್ಟೇ ಇರುವುದರಿಂದ! ಲಾಲ್‌ಬಾಗಿನಲ್ಲಿ ನಲವತ್ತು ನಿಮಿಷ ಬೆವರು ಹರಿಸಿ, ಅಲ್ಲಿಂದ ಗಾಂಧಿಬಜಾರಿಗೆ ನಡೆದು, 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನದ ಮುಂದೆ ಸರತಿಯಲ್ಲಿ ನಿಲ್ಲುವುದು ಎಷ್ಟೋ ಜನರ ಭಾನುವಾರದ ವ್ರತ. ನಲವತ್ತು ನಿಮಿಷದ ನಡಿಗೆಗೆ ಖರ್ಚಾಗುವುದು 150ರ ಆಸುಪಾಸಿನ ಕ್ಯಾಲೊರಿ. ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆಯಲ್ಲಿ ಅದರ ಎರಡು ಪಟ್ಟಿಗೂ ಮಿಕ್ಕಿ ಇರುತ್ತದೆ. ಜೊತೆಗೆ ಕೇಸರಿಭಾತು ಸೇರಿದರೆ ಲೆಕ್ಕ ನೀವೇ ಮಾಡಿಕೊಳ್ಳಿ. ಹಾಗೆಂದು ನಾನು ದೋಸೆಯ ವೈರಿಯಲ್ಲ. ವಾರಕ್ಕೊಂದು ದಿನ, ಹೆಂಡತಿ ಮಕ್ಕಳೊಡನೆ ನಗುತ್ತಾ ತಿಂದ ದೋಸೆ ಯಾರನ್ನೂ ಕೊಂದಿಲ್ಲ. ದಿನವೂ ನಡಿಗೆಯ ನೆಪದಲ್ಲಿ ಹೋಟೆಲಿಗೆ ಹೊರಡುವವರ ಬಗ್ಗೆ ಮಾತ್ರ ನನ್ನ ತಕರಾರು. ರಕ್ತದೊತ್ತಡದವರು ಉಪ್ಪಿನಕಾಯಿ, ಎರಡನೆಯ ಬಟ್ಟಲು ಸಾಂಬಾರು ಬಿಡಲಿ. ದಿನಕ್ಕೆ ಐದು ಗ್ರಾಮಿನೊಳಗೆ, ಅಂದರೆ ಒಂದು ಟೀ ಚಮಚಕ್ಕೆ ಮೀರದಂತೆ ಉಪ್ಪು ತಿನ್ನಿ ಎಂಬುದು ಸಲಹೆ, ಹೋಟೆಲಿನ ಕೈ ಅಷ್ಟು ಹಿಡಿತದ್ದಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ನನ್ನೋ ಗ್ಲಿಮಿಪಿರೈಡ್ ಜಾತಿಯ ಮಾತ್ರೆಯನ್ನೋ ತೆಗೆದುಕೊಳ್ಳುವವರು ‘ದೋಸೆಗೆ ಹೊಟ್ಟೆ ಖಾಲಿ ಇಟ್ಟುಕೊಳ್ಳೋಣ’ ಎಂದು ಔಷಧಿ ಮುಗಿಸಿ, ಬರಿಹೊಟ್ಟೆಯಲ್ಲಿ ಪಾರ್ಕು ಸುತ್ತಿ, ಆಮೇಲೆ ಸರತಿಯಲ್ಲಿ ಮುಕ್ಕಾಲು ಗಂಟೆ ಕಾಯಬಾರದು. ಕೈ ನಡುಗಿ, ತಣ್ಣಗೆ ಬೆವೆತು, ಕಣ್ಣು ಕತ್ತಲಿಟ್ಟರೆ ಅದು ಸಕ್ಕರೆ ಇಳಿದದ್ದರ ಲಕ್ಷಣ. ಮೂರು ಟೀ ಚಮಚದಷ್ಟು ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಪೊಟ್ಟಣ ಕಟ್ಟಿ ಜೇಬಿನಲ್ಲಿಟ್ಟುಕೊಂಡಿರಬೇಕು. ಹಾಗಾದ ಕೂಡಲೇ ಬಾಯಿಗೆ ಹಾಕಿಕೊಂಡು ಕುಳಿತುಕೊಳ್ಳಬೇಕು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಅಷ್ಟೇ ತಿನ್ನಬೇಕು. ಚೇತರಿಸಿಕೊಂಡ ಮೇಲೆ ಸರತಿಯ ಮುಂದಿರುವವರಿಗೆ ವಿಷಯ ತಿಳಿಸಿ; ಬೆಂಗಳೂರಿನವರು ಅಷ್ಟಕ್ಕೆ ಜಾಗ ಬಿಟ್ಟೇ ಬಿಡುತ್ತಾರೆ.